ಹಾರಿಕೊಳ್ಳುತ್ತೇವೆ ಎನ್ನುವವರಿಗೆ

ಜೀಪಿನ ಹಿಂದೆ ನೇತಾಡಬೇಡಿ, ಟ್ರಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಬೇಡಿ ಎಂದು ಹೇಳಿ ನೋಡಿ, ನಮ್ಮ ಅರಳಸುರಳಿ ಸೀಮೆಯಲ್ಲಿ ಉತ್ತರಕ್ಕೆ ಬರವಿಲ್ಲ. ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವವರಿಂದ ಹಿಡಿದು ಅಡಿಕೆಯ ಕೊನೆಕೊಯ್ಲಿಗೆ ಆಳು ಕರೆದೊಯ್ಯುವವರ ತನಕ ಎಲ್ಲರ ಬಳಿಯೂ ಒಂದೊಂದು ಸಮಜಾಯಿಷಿ ಇದೆ. ಅವುಗಳಲ್ಲಿ ಒಂದಕ್ಕೆ ಮಾತ್ರ ನಿಜವಾದ ತೂಕವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬರುವುದು ಈ ವಾದ: "ಹೊರಗೆ ನಿಂತವನೇ ಸೇಫು. ಗಾಡಿ ಮಗುಚಿದ್ರೆ ಒಳಗಿನವರು ಸಿಕ್ಕಿಬೀಳ್ತಾರೆ, ನಾವು ಹಾರಿಕೊಳ್ತೀವಿ."

ಎಲ್ಲಿಗೆ ಹಾರುವುದು? ನಮ್ಮ ಮಣ್ಣುರಸ್ತೆಗಳ ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಇಳಿಜಾರು. ಧರೆಯ ಕಡೆ ನಿಂತವನು ಗಾಡಿಗೂ ಮಣ್ಣಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತಾನೆ. ಇಳಿಜಾರಿನ ಕಡೆ ಇದ್ದವನು ಗಾಡಿಗಿಂತ ಮೊದಲು ನೆಲ ಮುಟ್ಟುತ್ತಾನೆ, ಗಾಡಿ ಅವನ ಮೇಲೆಯೇ ಬರುತ್ತದೆ. ಡ್ರೈವರನಿಗಾದರೆ ಮುಂದಿನ ಕೊರಕಲು ಕಾಣುತ್ತದೆ, ಹಿಂದೆ ನೇತಾಡುವವನಿಗೆ ಕಾಣುವುದು ಟಾರ್ಪಾಲು ಮಾತ್ರ. ಚಕ್ರ ಕುಸಿದ ಕ್ಷಣ ಕೈ ತಾನಾಗಿಯೇ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆಯೇ ಹೊರತು ಬಿಡುವುದಿಲ್ಲ. ಏನಾಯಿತೆಂದು ತಿಳಿಯುವ ಹೊತ್ತಿಗೆ ಹಾರುವ ಸಮಯ ಮುಗಿದಿರುತ್ತದೆ.

ಟ್ರಾಕ್ಟರಿನ ಕತೆ ಇನ್ನೂ ಕೆಟ್ಟದ್ದು. ಮಗುಚಿದರೂ ಚಾಲಕ ಉಳಿಯಲೆಂದು ಹೊಸ ಟ್ರಾಕ್ಟರುಗಳಿಗೆ ರಕ್ಷಣಾ ಚೌಕಟ್ಟು ಇರಲೇಬೇಕು ಎಂದು ಸ್ವೀಡನ್ 1959ರಲ್ಲೇ ಕಾನೂನು ಮಾಡಿತು. ಆದರೆ ಆ ಚೌಕಟ್ಟು ಕಾಯುವುದು ಬೆಲ್ಟ್ ಕಟ್ಟಿ ಸೀಟಿನಲ್ಲಿ ಕೂತ ಒಬ್ಬನನ್ನು. ಮಡ್‌ಗಾರ್ಡಿನ ಮೇಲೆ ಕೂತವನಿಗೆ ಯಾವ ಚೌಕಟ್ಟೂ ಇಲ್ಲ, ಅವನು ಮುಂದಕ್ಕೆ ಜಾರಿದರೆ ಮೇಲೆ ಬರುವುದು ಹಿಂದಿನ ದೊಡ್ಡ ಚಕ್ರ. ಇಂಜಿನ್ ಸದ್ದಿನಲ್ಲಿ ಅವನ ಕೂಗು ಡ್ರೈವರನಿಗೆ ಕೇಳಿದರೂ ಅಷ್ಟರಲ್ಲಿ ಚಕ್ರ ದಾಟಿರುತ್ತದೆ.

"ನಡೆದಷ್ಟೇ ನಿಧಾನ ಹೋಗೋ ಗಾಡಿ, ಬಿದ್ರೆ ಏನಾಗುತ್ತೆ?" ಬೀಳುವವನ ವೇಗ ಗಾಡಿಯ ವೇಗದಿಂದಷ್ಟೇ ಬರುವುದಿಲ್ಲ, ಎತ್ತರದಿಂದಲೂ ಬರುತ್ತದೆ. ಬಂಪರಿನ ಮೇಲೆ ನಿಂತವನ ತಲೆ ನೆಲದಿಂದ 2 ಮೀಟರಿಗೂ ಮೇಲಿರುತ್ತದೆ. ಅಲ್ಲಿಂದ ಬಿದ್ದ ತಲೆ ಜಂಬಿಟ್ಟಿಗೆ ಕಲ್ಲಿಗೆ ಬಡಿಯುವುದು ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿ, ಗಾಡಿ ನಿಂತೇ ಇದ್ದರೂ ಸರಿ. ಇನ್ನು ಸೊಂಟದ ಮೂಳೆ ಮುರಿದರೆ ರಕ್ತ ಒಳಗೊಳಗೇ ಸೋರುತ್ತದೆ. ಅಂಥವನನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೋ ಒಯ್ಯಬೇಕು. ನಿಧಾನ ಎನ್ನುವ ಮಾತಿನ ಬೆಲೆ ಆ ದಾರಿಯಲ್ಲಿ ತಿಳಿಯುತ್ತದೆ.

ಇದಕ್ಕಿಂತ ಜಾಣತನದ ವಾದವೂ ಒಂದಿದೆ: ಗಾಡಿ ಒಂದು ಕಡೆ ವಾಲಿದಾಗ ಮೇಲಿನ ಬದಿಗೆ ಇಬ್ಬರು ಹತ್ತಿ ನಿಂತರೆ ಬ್ಯಾಲೆನ್ಸ್ ಆಗುತ್ತದಂತೆ. ಆಗುತ್ತದೆ, ಒಪ್ಪುತ್ತೇನೆ. ಆದರೆ ಹತ್ತು ಮಾರು ಮುಂದೆ ಕೊರಕಲು ಆಚೆ ಬದಿಗೆ ಹೊರಳಿದರೆ ಅದೇ ಇಬ್ಬರ ಭಾರ ಗಾಡಿಯನ್ನು ಮಗುಚಲು ನೆರವಾಗುತ್ತದೆ. ಹಿಂದಿನ ಚಕ್ರಕ್ಕಿಂತ ಹಿಂದೆ ನಾಲ್ವರು ನಿಂತರಂತೂ ಏರಿನಲ್ಲಿ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಅಂಥ ಜಾಗ ಬಂದರೆ ಎಲ್ಲರನ್ನೂ ಇಳಿಸಿ ಡ್ರೈವರ್ ಒಬ್ಬನೇ ದಾಟಲಿ.

"ಅಜ್ಜನ ಕಾಲದಿಂದ ಹೀಗೇ" ಎನ್ನುವವರಿಗೆ ಒಂದೇ ಮಾತು: 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಅಜ್ಜ ಹತ್ತಿದ್ದು ನಡೆದುಕೊಂಡು.

ಪ್ರವಾಸಿಗರೇ ನಿಲ್ಲುತ್ತೇವೆಂದು ಹಠ ಮಾಡುತ್ತಾರೆ, ವಿಡಿಯೋ ಬೇಕಂತೆ, ನಾವೇನು ಮಾಡುವುದು ಎಂದು ಜೀಪಿನವರು ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮು ಇಬ್ಬರನ್ನೂ ಹಿಡಿಯುತ್ತದೆ. ಗಾಡಿಯ ಒಡಲಿನಾಚೆ ಜನರನ್ನು ಒಯ್ಯಬಾರದು ಎಂದು ಚಾಲಕನಿಗೆ, ಫುಟ್‌ಬೋರ್ಡು, ಟಾಪು, ಬಾನೆಟ್ಟಿನ ಮೇಲೆ ಪ್ರಯಾಣಿಸಬಾರದು ಎಂದು ಹತ್ತುವವನಿಗೆ. ಕೀಲಿ ಯಾರ ಕೈಯಲ್ಲಿದೆಯೋ ಅವನು ಗಾಡಿ ನಿಲ್ಲಿಸಿದರೆ ಹಠ ಅಲ್ಲಿಗೇ ಮುಗಿಯುತ್ತದೆ.

ಈಗ ತೂಕದ ಮಾತು. "ಬೇರೆ ಗಾಡಿ ಎಲ್ಲಿದೆ? ತೋಟಕ್ಕೆ ಬಸ್ಸು ಬರುತ್ತಾ? ಎರಡು ಟ್ರಿಪ್ ಹೊಡೆದ್ರೆ ಡೀಸೆಲ್ ಯಾರು ಹಾಕ್ತಾರೆ?" ಬಸ್ಸು ಬರುವುದಿಲ್ಲ, ನಿಜ. ಒಳದಾರಿಗಳ ಅವಸ್ಥೆ ಸರ್ಕಾರದ ತಪ್ಪು, ಅದೂ ನಿಜ. ಆದರೆ ಮುಂದಿನ ಸೀಟಿನಲ್ಲಿ ಕೂರುವವರು ಯಾರು, ಹಿಂದೆ ಮಳೆಗೆ ಚಂಡಿಯಾಗಿ ನೇತಾಡುವವರು ಯಾರು ಎಂದು ಒಮ್ಮೆ ನೋಡಿ. ತೋಟದ ಯಜಮಾನರು ಬಂಪರಿನ ಮೇಲೆ ನಿಂತು ಹೋಗಿದ್ದನ್ನು ನಾನಂತೂ ಕಂಡಿಲ್ಲ. ಉಳಿಯುವ ಡೀಸೆಲ್ಲು ಒಬ್ಬರದ್ದು, ಮುರಿಯುವ ಕಾಲು ಇನ್ನೊಬ್ಬರದ್ದು. ಕೊಯ್ಲಿನ ಖರ್ಚಿನಲ್ಲಿ ಎರಡನೇ ಟ್ರಿಪ್ಪಿನ ಲೆಕ್ಕ ಬರೆಯಲಾಗದಷ್ಟು ಅಡಿಕೆ ನಮ್ಮನ್ನು ಬಡವರನ್ನಾಗಿಸಿಲ್ಲ.

"ಹಿಡಿದ್ರೆ ದಂಡ ಕಟ್ಟಿದ್ರಾಯ್ತು" ಎನ್ನುವವರೂ ಇದ್ದಾರೆ. 2019ರ ತಿದ್ದುಪಡಿಯ ನಂತರವೂ ಇದಕ್ಕೆ ಮೊದಲ ಸಲ 500 ರೂಪಾಯಿವರೆಗೆ ಮಾತ್ರ ದಂಡ, ಧೈರ್ಯಕ್ಕೆ ಅದೇ ಕಾರಣ. ಆದರೆ ಅಪಘಾತದ ಲೆಕ್ಕವೇ ಬೇರೆ. ಕರ್ನಾಟಕದಿಂದ ಹೋದ ಶಿವರಾಜ್ ಪ್ರಕರಣದಲ್ಲಿ, ಟ್ರಾಕ್ಟರಿನಲ್ಲಿ ಚಾಲಕನ ಹೊರತು ಬೇರೆಯವರು ಪ್ರಯಾಣಿಸಿದ್ದು ಪಾಲಿಸಿಯ ಷರತ್ತಿಗೆ ವಿರುದ್ಧ ಎಂಬುದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಗಾಯಾಳುವಿಗೆ ಮೊದಲು ವಿಮಾ ಕಂಪನಿ ಹಣ ಕೊಡಲಿ, ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು.