ಟೊಮೆಟೊ ನಿಷೇಧಕ್ಕೊಂದು ಮಸೂದೆ

ಶಾಸನಸಭೆಗಳಲ್ಲಿ ತೆರಿಗೆ, ರಸ್ತೆ, ನೀರಾವರಿ, ಶಾಲೆಗಳ ಬಗ್ಗೆ ಮಸೂದೆಗಳು ಬರುವುದು ಸಾಮಾನ್ಯ. ಆದರೆ 1939ರಲ್ಲಿ ಅಮೆರಿಕದ ಮೇನ್ ರಾಜ್ಯದ ಶಾಸಕ ಕ್ಲೀವ್‌ಲ್ಯಾಂಡ್ ಸ್ಲೀಪರ್ ಎಂಬುವರು ಮಂಡಿಸಿದ ಮಸೂದೆ ಅಡುಗೆಮನೆಗೇ ಕೈಹಾಕಿತ್ತು. ‘ಕ್ಲಾಮ್ ಚೌಡರ್’ ಎಂಬ ಸಾರಿಗೆ ಟೊಮೆಟೊ ಹಾಕುವುದು ಕಾನೂನುಬಾಹಿರವಾಗಬೇಕು ಎಂಬುದು ಅದರ ತಾತ್ಪರ್ಯ! ಮಸೂದೆ ಕಾಯ್ದೆಯಾಗಲಿಲ್ಲ. ಟೊಮೆಟೊ ಜಗಳವೂ ನಿಲ್ಲಲಿಲ್ಲ.

ಕ್ಲಾಮ್ ಎಂದರೆ ನಮ್ಮ ಕರಾವಳಿಯವರು ಮರುವಾಯಿ ಎನ್ನುವ ಚಿಪ್ಪುಜೀವಿಯ ನೆಂಟ. ಅಮೆರಿಕದ ಈಶಾನ್ಯಕ್ಕಿರುವ ನ್ಯೂ ಇಂಗ್ಲೆಂಡ್ ಪ್ರದೇಶದವರು ಅದನ್ನು ಆಲೂಗಡ್ಡೆ, ಈರುಳ್ಳಿ, ಉಪ್ಪಿನಲ್ಲಿಟ್ಟ ಹಂದಿಮಾಂಸದೊಡನೆ ಬೇಯಿಸಿ, ಹಾಲು ಇಲ್ಲವೆ ಕೆನೆ ಬೆರೆಸುತ್ತಾರೆ. ಬೆಳ್ಳನೆಯ ದಪ್ಪ ಸಾರು ಸಿದ್ಧ. ‘ಮ್ಯಾನ್‌ಹಟನ್’ ಶೈಲಿಯದು ಕೆಂಪು. ಅದರಲ್ಲಿ ಹಾಲಿಲ್ಲ, ಟೊಮೆಟೊ ಉಂಟು. ಪಕ್ಕದ ರೋಡ್ ಐಲೆಂಡ್‌ನವರಲ್ಲಿ ಎರಡೂ ಇಲ್ಲದ ತಿಳಿಸಾರಿಗೂ ಅಭಿಮಾನಿಗಳಿದ್ದಾರೆ. ಮೂರೂ ಕಡೆಯವರಿಗೆ ತಮ್ಮದೇ ನಿಜವಾದ ಚೌಡರ್. ಹರ್ಮನ್ ಮೆಲ್ವಿಲ್ 1851ರಲ್ಲಿ ಪ್ರಕಟಿಸಿದ ‘ಮೊಬಿ ಡಿಕ್’ ಕಾದಂಬರಿಯಲ್ಲಿ ಒಂದು ಅಧ್ಯಾಯದ ಹೆಸರೇ ‘ಚೌಡರ್’ ಎಂದ ಮೇಲೆ ಈ ಅಭಿಮಾನ ಎಷ್ಟು ಹಳೆಯದೆಂದು ಊಹಿಸಬಹುದು.

ಹಾಲು, ಟೊಮೆಟೊ ಎರಡನ್ನೂ ಹಾಕಿ ರಾಜಿ ಮಾಡಿಕೊಳ್ಳಬಾರದೆ? ಇಲ್ಲಿ ರಸಾಯನವಿಜ್ಞಾನ ಅಡ್ಡ ಬರುತ್ತದೆ. ಹಾಲಿನ ಪಿಎಚ್ ಮೌಲ್ಯ ಸುಮಾರು 6.7, ಅಂದರೆ ಬಹುಮಟ್ಟಿಗೆ ತಟಸ್ಥ. ಅದರಲ್ಲಿರುವ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಒಂದನ್ನೊಂದು ವಿಕರ್ಷಿಸುತ್ತ ತೇಲಾಡುತ್ತಿರುತ್ತವೆ. ಟೊಮೆಟೊ ಆಮ್ಲೀಯ. ಅದರ ಹುಳಿ ಬೆರೆತು ಪಿಎಚ್ 4.6ರತ್ತ ಇಳಿದಂತೆ ಕಣಗಳ ವಿಕರ್ಷಣೆ ಅಡಗಿ ಅವು ಗುಂಪುಗೂಡುತ್ತವೆ. ಹಾಲು ಒಡೆಯುವುದೆಂದರೆ ಇದೇ. ಬಿಸಿ ಹೆಚ್ಚಿದ್ದರೆ ಅಷ್ಟು ಹುಳಿಯೂ ಬೇಕಾಗುವುದಿಲ್ಲ. ನಿಂಬೆರಸ ಹಿಂಡಿ ಪನೀರು ಮಾಡುವ ಗೃಹಿಣಿಗೆ ಇದು ಹೊಸ ಸಂಗತಿಯೇನಲ್ಲ. ಬಿಳಿ ಚೌಡರಿನವರು ಟೊಮೆಟೊ ಕಂಡರೆ ಬೆಚ್ಚಿಬೀಳುವುದಕ್ಕೆ ಹಟದ ಜೊತೆಗೆ ಇಷ್ಟು ಕಾರಣವೂ ಇದೆ.

ಈಗ ದಕ್ಷಿಣಕ್ಕೆ, ಟೆಕ್ಸಸ್ಸಿಗೆ ಬರೋಣ. ಅಲ್ಲಿನ ‘ಚಿಲಿ’ ಎಂದರೆ ಗೋಮಾಂಸ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ಹಾಕಿ ಹೊತ್ತುಗಟ್ಟಲೆ ಕುದಿಸಿದ ಗೊಜ್ಜು. ಇದಕ್ಕೆ ರಾಜ್ಮಾ ಬಳಗದ ಕಾಳು ಸೇರಿಸಬಹುದೆ ಎಂದು ಕೇಳಿದರೆ ಟೆಕ್ಸಸ್ಸಿನ ಹಳಬರು ಹುಬ್ಬು ಗಂಟಿಕ್ಕುತ್ತಾರೆ. ಬೇರೆ ರಾಜ್ಯಗಳಲ್ಲಿ ಕಾಳಿಲ್ಲದ ಚಿಲಿ ಅಪರೂಪ. ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದಲ್ಲಂತೂ ದಾಲ್ಚಿನ್ನಿಯ ಪರಿಮಳವಿರುವ ಚಿಲಿಯನ್ನು ಶ್ಯಾವಿಗೆಯಂಥ ಸ್ಪಗೆಟ್ಟಿಯ ಮೇಲೆ ಸುರಿದು ಕೊಡುತ್ತಾರೆ. ಗ್ರೀಸಿನ ಕಡೆಯಿಂದ ವಲಸೆ ಬಂದವರು 1920ರ ದಶಕದಲ್ಲಿ ಅಲ್ಲಿ ರೂಢಿಗೆ ತಂದ ಪಾಕ ಅದು.

1967ರಲ್ಲಿ ಈ ವಾದ ಬಯಲಿಗೇ ಬಂತು. ಎಚ್. ಆಲನ್ ಸ್ಮಿತ್ ಎಂಬ ಹಾಸ್ಯಲೇಖಕರು ಚಿಲಿಯ ವಿಷಯದಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂದು ಪತ್ರಿಕೆಯೊಂದರಲ್ಲಿ ಬರೆದರು. ಅವರು ಕಾಳು ಹಾಕುವ ಪಂಗಡದವರು! ಟೆಕ್ಸಸ್ಸಿನವರು ಸುಮ್ಮನಿದ್ದಾರೆಯೆ? ತಮ್ಮ ಕಡೆಯಿಂದ ವಿಕ್ ಫೌಲರ್ ಎಂಬ ಪತ್ರಕರ್ತರನ್ನು ಕಣಕ್ಕಿಳಿಸಿದರು. ಒಂದು ಕಾಲಕ್ಕೆ ಪಾದರಸದ ಗಣಿಗಳಿಂದ ಗಿಜಿಗುಡುತ್ತಿದ್ದು, ಆಮೇಲೆ ಪಾಳುಬಿದ್ದ ಟರ್ಲಿಂಗ್ವಾ ಎಂಬ ಊರಿನಲ್ಲಿ ಅಡುಗೆ ಪಂದ್ಯ ನಡೆಯಿತು. ಇಬ್ಬರು ತೀರ್ಪುಗಾರರ ಮತಗಳು ಸಮನಾಗಿ ಹಂಚಿಹೋದವು. ಮೂರನೆಯವರು ರುಚಿ ನೋಡಿ, ತಮ್ಮ ನಾಲಿಗೆಯೇ ಮರಗಟ್ಟಿದೆ, ತೀರ್ಪು ಹೇಳಲಾಗದು ಎಂದುಬಿಟ್ಟರು. ಪಂದ್ಯ ಸಮ! ಆ ಊರಿನ ಚಿಲಿ ಸ್ಪರ್ಧೆ ಅಲ್ಲಿಗೆ ನಿಲ್ಲದೆ ಮುಂದೆ ಸಂಪ್ರದಾಯವೇ ಆಯಿತು. ಸ್ಪರ್ಧೆ ನಡೆಸುವವರಲ್ಲೇ ಭಿನ್ನಮತ ಹುಟ್ಟಿ ಎರಡು ಬಣಗಳಾದದ್ದೂ ಉಂಟು.

ಮೂರನೆಯ ತೀರ್ಪುಗಾರರ ಮಾತು ತಮಾಷೆಯದಾದರೂ ಅದರಲ್ಲಿ ವಿಜ್ಞಾನವಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ನಾಲಿಗೆಯ ನರತುದಿಗಳಲ್ಲಿರುವ ಒಂದು ಪ್ರೋಟೀನನ್ನು ತಟ್ಟಿ ಎಬ್ಬಿಸುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಗುಲಿದಾಗ ಎಚ್ಚರಿಸುವುದು ಆ ಪ್ರೋಟೀನಿನ ಕೆಲಸ. ಹೀಗಾಗಿ ತಣ್ಣಗಿನ ಮೆಣಸಿನಕಾಯಿ ಕಚ್ಚಿದರೂ ಬಾಯಿ ಸುಟ್ಟಿತೆಂದೇ ಮಿದುಳು ತಿಳಿಯುತ್ತದೆ. ಈ ಪ್ರೋಟೀನನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಖಾರ ಒಂದೇ ಸಮನೆ ತಾಕುತ್ತಿದ್ದರೆ ನರತುದಿಗಳ ಸ್ಪಂದನ ಕುಗ್ಗಿ ನಾಲಿಗೆ ಜಡವಾಗುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದಕ್ಕೇ ನೀರು ಕುಡಿದರೆ ಖಾರ ಇಳಿಯದು. ಚೌಡರಿನಲ್ಲಿ ಒಡೆದು ತೊಂದರೆ ಕೊಟ್ಟ ಕೇಸೀನೇ ಇಲ್ಲಿ ಆಪದ್ಬಾಂಧವ. ಹಾಲು ಮೊಸರುಗಳಲ್ಲಿರುವ ಅದು ಖಾರದ ಅಣುಗಳನ್ನು ಹಿಡಿದುಕೊಂಡು ಹೋಗುತ್ತದೆ. ಅಂದ ಹಾಗೆ, ಮೆಣಸಿನಕಾಯಿಯಾಗಲಿ ಟೊಮೆಟೊ ಆಗಲಿ ಇಲ್ಲಿಯವಲ್ಲ. ಕೊಲಂಬಸನ ನಂತರ ಅಮೆರಿಕ ಖಂಡಗಳಿಂದ ಹೊರಟು ಬ್ಯಾಡಗಿಯವರೆಗೂ ಬಂದು ನೆಲೆಸಿದಂಥವು.

ಮೂರನೆಯ ಜಗಳ ಎಲ್ಲಕ್ಕಿಂತ ದೊಡ್ಡದು. ಮಾಂಸವನ್ನು ಸೌದೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಬಾರ್ಬೆಕ್ಯೂ ಅದರ ವಸ್ತು. ಉತ್ತರ ಕ್ಯಾರೊಲೈನಾದ ಪೂರ್ವಭಾಗದವರು ಇಡೀ ಹಂದಿ ಬೇಯಿಸಿ ವಿನೆಗರ್, ಮೆಣಸು ಹಾಕುತ್ತಾರೆ. ಅದೇ ರಾಜ್ಯದ ಪಶ್ಚಿಮದವರು ಭುಜದ ಮಾಂಸಕ್ಕೆ ಒಂದಿಷ್ಟು ಟೊಮೆಟೊ ಬೆರೆಸುತ್ತಾರೆ. ದಕ್ಷಿಣ ಕ್ಯಾರೊಲೈನಾದ ಕೆಲವೆಡೆ ಸಾಸಿವೆಯ ಹಳದಿ ಗೊಜ್ಜು. ಕಾನ್ಸಾಸ್ ಸಿಟಿಯಲ್ಲಿ ಸಿಹಿಯಾದ ಮಂದ ಗೊಜ್ಜು. ಟೆಕ್ಸಸ್ಸಿನಲ್ಲಿ ದನದ ಎದೆಮಾಂಸಕ್ಕೆ ಉಪ್ಪು, ಕಾಳುಮೆಣಸು ಸಾಕು.

ಆದರೆ ಇವರೆಲ್ಲರನ್ನೂ ಸಮನಾಗಿ ಕಾಡಿದ ಒಗಟು ಒಂದಿತ್ತು. ಮಾಂಸದ ಒಳಗಿನ ಉಷ್ಣತೆ ಏರುತ್ತ ಹೋಗಿ 65ರಿಂದ 70 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಂತುಬಿಡುತ್ತದೆ. ಬೆಂಕಿ ಉರಿಯುತ್ತಲೇ ಇದ್ದರೂ ತಾಪಮಾಪಕ ಕದಲದು! ಏಕೆ? ಮಾಂಸದಲ್ಲಿನ ಗಟ್ಟಿನಾರು ಕೊಲ್ಯಾಜೆನ್ ಕರಗಿ ಜೆಲಟಿನ್ ಆಗಲು ಶಾಖ ಖರ್ಚಾಗುತ್ತದೆ ಎಂದರು ಕೆಲವರು. ಕೊಬ್ಬು ಕರಗುವುದೇ ಕಾರಣ ಎಂದರು ಇನ್ನು ಕೆಲವರು. ಕೊನೆಗೆ ಭೌತವಿಜ್ಞಾನಿಯೊಬ್ಬರು ಸರಳ ಪ್ರಯೋಗ ಮಾಡಿದರು. ನೀರು ಹೀರಿದ ಸ್ಪಂಜು, ಬರಿಯ ಕೊಬ್ಬಿನ ಗಟ್ಟಿ, ಇವೆರಡನ್ನೂ ಕಾಯಿಸಿ ನೋಡಿದರು. ಕೊಬ್ಬಿನ ಉಷ್ಣತೆ ನಿಲ್ಲದೆ ಏರಿತು. ಕೊಲ್ಯಾಜೆನ್ ಆಗಲಿ ಕೊಬ್ಬಾಗಲಿ ಇಲ್ಲದ ಸ್ಪಂಜಿನ ಉಷ್ಣತೆ ನಡುವೆ ನಿಂತಿತು. ಗುಟ್ಟು ಬಯಲಾಯಿತು. ಮಾಂಸದ ಮೈಯಿಂದ ತೇವ ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಹೂಜಿಯ ನೀರು ಬೇಸಿಗೆಯಲ್ಲಿ ತಂಪಾಗುವ ತತ್ತ್ವವೇ ಇಲ್ಲಿಯೂ. ಮಾಂಸವನ್ನು ಕಾಗದದಲ್ಲೋ ಲೋಹದ ಹಾಳೆಯಲ್ಲೋ ಸುತ್ತಿ ಆವಿ ತಡೆದರೆ ಉಷ್ಣತೆ ಮತ್ತೆ ಏರತೊಡಗುತ್ತದೆ.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿದೆ. ಮೇಲುನೋಟಕ್ಕೆ ಈ ಜಗಳಗಳೆಲ್ಲ ಒಂದೇ ಥರ. ಆದರೆ ಒಳಗೆ ಬೇರೆಬೇರೆ ಪ್ರಶ್ನೆಗಳಿವೆ. ಹಾಲು ಒಡೆಯುತ್ತದೆಯೆ, ಉಷ್ಣತೆ ಏಕೆ ನಿಲ್ಲುತ್ತದೆ ಎಂಬುದಕ್ಕೆ ಒಲೆಯೂ ತಾಪಮಾಪಕವೂ ಉತ್ತರ ಕೊಡುತ್ತವೆ. ಕಾಳು ಹಾಕಿದ್ದನ್ನು ಚಿಲಿ ಎನ್ನಬಹುದೆ ಎಂಬುದು ಹೆಸರಿನ ಪ್ರಶ್ನೆ. ಯಾವ ಪ್ರಯೋಗದಿಂದಲೂ ತೀರದು. ಯಾವುದು ಹೆಚ್ಚು ರುಚಿ ಎಂಬುದಕ್ಕೆ ‘ಊಟ ತನ್ನಿಚ್ಛೆ’ ಎಂಬ ಗಾದೆಯೇ ಸಾಕು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಇದು ಯಾರದು? ಇದಕ್ಕೆ ದಾಖಲೆ ನೋಡಬೇಕು. 1977ರಲ್ಲಿ ಟೆಕ್ಸಸ್ ಸರ್ಕಾರ ಚಿಲಿಯನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಅದಕ್ಕೆ ಎಷ್ಟೋ ಮೊದಲು, 19ನೇ ಶತಮಾನದಲ್ಲೇ, ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ ಸಂಜೆ ಒಲೆ ಹೂಡಿ ಚಿಲಿ ಮಾರಿ ಹೆಸರು ತಂದುಕೊಟ್ಟವರು ಮೆಕ್ಸಿಕನ್ ಮೂಲದ ಹೆಂಗಸರು. ‘ಚಿಲಿ ರಾಣಿಯರು’ ಎಂದೇ ಅವರಿಗೆ ಹೆಸರು. 1930ರ ದಶಕದ ಕೊನೆಯ ಹೊತ್ತಿಗೆ ಆರೋಗ್ಯ ನಿಯಮಗಳ ಕಾರಣ ಅವರ ಅಂಗಡಿಗಳು ಎತ್ತಂಗಡಿಯಾದವು. ದಕ್ಷಿಣದ ರಾಜ್ಯಗಳಲ್ಲಿ ರಾತ್ರಿಯಿಡೀ ಬಾರ್ಬೆಕ್ಯೂ ಗುಂಡಿಯ ಕೆಂಡ ಕಾಯ್ದವರಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದವರು. ಕಾನ್ಸಾಸ್ ಸಿಟಿಯ ಬಾರ್ಬೆಕ್ಯೂವಿಗೆ 20ನೇ ಶತಮಾನದ ಆರಂಭದಲ್ಲಿ ಬುನಾದಿ ಹಾಕಿದ ಹೆನ್ರಿ ಪೆರ್ರಿ ಕೂಡ ಕಪ್ಪುಜನಾಂಗದವರೇ. ನಮ್ಮ ರಾಜ್ಯವೇ ಮೇಲು, ನಿಮ್ಮದು ಕೀಳು ಎಂಬ ಗದ್ದಲದಲ್ಲಿ ಈ ಕೈಗಳು ಮರೆತುಹೋಗುವುದುಂಟು. ನಗುನಗುತ್ತ ಆಡುವ ಜಗಳದಲ್ಲೂ ನಷ್ಟವಾಗುವುದಿದ್ದರೆ ಇದೇ.

ರಜೆಯಲ್ಲಿ ತಂದೆತಾಯಿಯರು ಮಕ್ಕಳನ್ನು ಅಡುಗೆಮನೆಗೆ ಕರೆಯಬಹುದು. ಎರಡು ಲೋಟ ಬೆಚ್ಚನೆಯ ಹಾಲು ತೆಗೆದುಕೊಂಡು, ಒಂದಕ್ಕೆ ಟೊಮೆಟೊ ರಸವನ್ನು ಚಮಚ ಚಮಚವಾಗಿ ಬೆರೆಸುತ್ತ ಹೋಗಲಿ. ಇನ್ನೊಂದಕ್ಕೆ ಅಷ್ಟೇ ನೀರು. ಎಷ್ಟನೆಯ ಚಮಚಕ್ಕೆ ಹಾಲು ಒಡೆಯಿತೆಂದು ಬರೆದಿಡಲಿ. ಆರಿದ ಹಾಲಿನಲ್ಲೂ ಹೀಗೇ ಮಾಡಿ ಹೋಲಿಸಲಿ. ಆಮೇಲೆ ಅದೇ ಟೊಮೆಟೊದ ಸಾರು ಅಜ್ಜಿ ಮಾಡಿದ್ದು ಚೆನ್ನೋ, ಅಮ್ಮ ಮಾಡಿದ್ದು ಚೆನ್ನೋ ಎಂದು ಊಟಕ್ಕೆ ಕುಳಿತಾಗ ವಾದ ಹೂಡಲಿ. ಮೊದಲನೆಯದಕ್ಕೆ ಉತ್ತರ ಪುಸ್ತಕದಲ್ಲಿ ಬರೆದಿರುತ್ತದೆ. ಎರಡನೆಯದು ಇನ್ನೊಂದು ಸೌಟು ಬಡಿಸಿಕೊಂಡಷ್ಟೂ ಮುಂದುವರಿಯುತ್ತದೆ.