ಲಿಂಬೆಯ ಹುಳಿ, ಹಿಮದ ಕಾವಲು

ಚೈತ್ರಮಾಸದ ಸುಡುಮಧ್ಯಾಹ್ನ. ಬಾಗಿಲಿಗೆ ಬಂದ ನೆಂಟರಿಗೆ ಪಾನಕ ಕೊಡಬೇಕು. ಬೆಲ್ಲವಿದೆ, ಏಲಕ್ಕಿಯಿದೆ, ಮಡಕೆಯಲ್ಲಿ ತಣ್ಣೀರೂ ಇದೆ; ಲಿಂಬೆಹಣ್ಣು ಮಾತ್ರ ಇಲ್ಲ. ಗೃಹಿಣಿ ಮಗನನ್ನು ಅಂಗಡಿಗೆ ಅಟ್ಟುತ್ತಾಳೆ. ಅವನು ಮರಳಿ ಬಂದು ಹೇಳಿದ ಬೆಲೆಯನ್ನು ಕೇಳಿ, ಯಜಮಾನರು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಳಿಸುತ್ತಾರೆ. “ಶ್ರಾವಣದಲ್ಲಿ ಇದೇ ಹಣ್ಣು ಕೇಳುವವರಿಲ್ಲದೆ ರಾಶಿ ಬಿದ್ದಿತ್ತಲ್ಲ!” ಎಂಬ ಅವರ ಉದ್ಗಾರದಲ್ಲಿ ಕೋಪಕ್ಕಿಂತ ಬೆರಗೇ ಹೆಚ್ಚು.

ಈ ಬೆರಗಿಗೆ ಉತ್ತರ ದೊರೆಯುವುದು ಅಂಗಡಿಯಲ್ಲಲ್ಲ, ವಿಜಯಪುರ ಜಿಲ್ಲೆಯ ತೋಟಗಳಲ್ಲಿ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ. ನಡುವೆ ಮಳೆಯನ್ನೇ ನೆಚ್ಚಿದ ಬಯಲು. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಜೋಳ, ತೊಗರಿಗಳ ಹೊಲಗಳು ಕಣ್ಣು ಹಾಯುವಷ್ಟು ದೂರ ಹಬ್ಬಿದ್ದರೆ, ಇಂಡಿ ಮತ್ತು ಸಿಂದಗಿಗಳ ಸೀಮೆ ಹೆಸರಾಗಿರುವುದು ಲಿಂಬೆಗೆ. ಅಲ್ಲಿನವರ ಬಾಯಲ್ಲಿ ಅದು ‘ಲಿಂಬಿ’. ಕಾಗದದಂತೆ ತೆಳುವಾದ ಸಿಪ್ಪೆಯುಳ್ಳ ಈ ಜಾತಿಗೆ ‘ಕಾಗಜಿ’ ಎಂಬ ಹೆಸರು ಅನ್ವರ್ಥಕವೇ ಸರಿ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿಯೇ ಇದೆ. ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. 2025ರ ಆಗಸ್ಟ್ ತಿಂಗಳಿನಲ್ಲಿ 3 ಟನ್ ಹಣ್ಣು ಸಂಯುಕ್ತ ಅರಬ್ ಸಂಸ್ಥಾನಗಳಿಗೆ ಪ್ರಯಾಣ ಬೆಳೆಸಿತು.

ಕೀರ್ತಿಯೇನೋ ಬಂತು, ಆದರೆ ಕೀರ್ತಿಗೆ ಋತುಮಾನ ಬಗ್ಗುವುದಿಲ್ಲ. ಲಿಂಬೆಗಿಡ ವರ್ಷಕ್ಕೆ ಮೂರು ಸಲ ಹೂ ಬಿಡುತ್ತದೆ. ಮಾವು ಹೂವಾಗುವ ಕಾಲದ್ದು ‘ಅಂಬೆ ಬಹರ’, ಮೃಗಶಿರಾ ಮಳೆಯ ಹೊತ್ತಿನದು ‘ಮೃಗ ಬಹರ’, ಹಸ್ತಾ ಮಳೆಯ ಹೊತ್ತಿನದು ‘ಹಸ್ತ ಬಹರ’. ಹೂವು ಹಣ್ಣಾಗಲು ಐದಾರು ತಿಂಗಳು ಬೇಕು. ಮೊದಲಿನ ಹೂವಿನ ಹಣ್ಣು ಮಳೆಗಾಲದಲ್ಲಿ, ಎರಡನೆಯದರದು ಚಳಿಗಾಲದಲ್ಲಿ ಕೈಗೆ ಬರುತ್ತದೆ. ಜನರು ಪಾನಕವನ್ನು ನೆನೆಯದ ದಿನಗಳವು. ಬೇಸಗೆಗೆ ಒದಗುವುದು ಹಸ್ತದ ಹೂವೊಂದೇ. ಅದು ಚೆನ್ನಾಗಿ ಬಿಡಬೇಕಾದರೆ ಅದಕ್ಕೆ ಮೊದಲು ಗಿಡಕ್ಕೆ ಕೆಲವು ವಾರ ನೀರು ತಪ್ಪಿಸಿ ಬಾಯಾರಿಸಬೇಕು. ಆದರೆ ವಿಜಯಪುರದ ಸೀಮೆಯಲ್ಲಿ ಹೆಚ್ಚು ಮಳೆ ಸುರಿಯುವುದೇ ಆ ಭಾದ್ರಪದದ ಸುಮಾರಿಗೆ! ಗಿಡ ಬಾಯಾರುವುದೆಂತು? ಹೀಗಾಗಿ ಹಸ್ತದ ಫಸಲು ಮೂರರಲ್ಲಿ ಅತ್ಯಲ್ಪ. ಬೇಡಿಕೆ ಏರಿದಾಗ ಹಣ್ಣಿಲ್ಲ, ಹಣ್ಣು ತುಂಬಿದಾಗ ಬೇಡಿಕೆಯಿಲ್ಲ.

ಸಂತೆಯಲ್ಲಿ ಲಿಂಬೆ ಮಾರುವಾಕೆ ಇದನ್ನೇ ಒಂದು ಮಾತಿನಲ್ಲಿ ಹೇಳಿಬಿಡುತ್ತಾಳೆ: “ಮಳಿಗಾಲದಾಗ ಲಿಂಬಿ ಕೇಳೋರಿಲ್ಲ ಯವ್ವಾ, ಬ್ಯಾಸಗ್ಯಾಗ ಕೇಳಿದೋರಿಗೆ ಲಿಂಬಿ ಇಲ್ಲ.”

ಮಳೆಗಾಲದ ಹುಳಿಯನ್ನು ಬೇಸಗೆಯವರೆಗೆ ಕಾದಿಡಲು ಬರುವುದಿಲ್ಲವೇ? ಮನುಷ್ಯನು ಇದನ್ನು ಬಹುಕಾಲದಿಂದ ಪ್ರಯತ್ನಿಸಿದ್ದಾನೆ, ಒಮ್ಮೆ ಘೋರವಾಗಿ ಸೋತೂ ಇದ್ದಾನೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು, ಒಸಡು ಕೊಳೆತು ನೆತ್ತರು ಸುರಿಸುವ ಸ್ಕರ್ವಿ ರೋಗಕ್ಕೆ ಕಿತ್ತಳೆ ಮತ್ತು ದೊಡ್ಡ ಜಾತಿಯ ನಿಂಬೆಗಳೇ ಮದ್ದೆಂಬುದನ್ನು ನಾವಿಕರ ಮೇಲೆ ಪರೀಕ್ಷಿಸಿ ಕಂಡುಕೊಂಡನು. ಮುಂದೆ 1860ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆ ವೆಸ್ಟ್ ಇಂಡೀಸಿನ ಸಣ್ಣ ಲಿಂಬೆಯ ರಸಕ್ಕೆ ಬದಲಾಯಿಸಿಕೊಂಡಿತು. ಹುಳಿಯೇನೋ ಇತ್ತು, ಆದರೆ ಈ ಜಾತಿಯಲ್ಲಿ ಮೊದಲೇ ಕಡಮೆಯಿದ್ದ ಜೀವಸತ್ವವು ಗಾಳಿ, ಬೆಳಕು, ತಾಮ್ರದ ಕೊಳವೆಗಳ ಸೋಂಕಿನಿಂದ ಮತ್ತಷ್ಟು ನಶಿಸಿತ್ತು. 1875ರಲ್ಲಿ ಉತ್ತರಧ್ರುವದತ್ತ ಹೊರಟ ತಂಡ ಆ ರಸವನ್ನು ನಂಬಿ, ಸ್ಕರ್ವಿಗೆ ತುತ್ತಾಗಿ ಮರಳಿತು. ನಾಲಗೆಗೆ ಹುಳಿಯೆನಿಸಿದ ಮಾತ್ರಕ್ಕೆ ರಸದ ಸತ್ವ ಉಳಿದಿದೆಯೆಂದು ತಿಳಿಯಬಾರದೆಂಬುದು ಇದರ ಪಾಠ.

ಆ ಪಾಠವನ್ನು ಅರಿತವರು ಹಿಮದ ಮೊರೆಹೊಕ್ಕರು. 1940ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆಯ ರಸವನ್ನು ಇಂಗಿಸಿ, ಅದಕ್ಕೆ ಕೊಂಚ ತಾಜಾ ರಸ ಬೆರೆಸಿ ಪರಿಮಳ ತುಂಬಿ, ಹೆಪ್ಪುಗಟ್ಟಿಸುವ ವಿಧಾನ ರೂಪುಗೊಂಡಿತು. ಬ್ರೆಜಿಲಿನ ಅಮೆಜಾನ್ ತೀರದ ಅಸಾಯಿ ಎಂಬ ತಾಳೆಜಾತಿಯ ಹಣ್ಣು ಕೊಯ್ದ ಒಂದೆರಡು ದಿನಗಳಲ್ಲೇ ಕೆಡುವಂಥದು; ಅದರ ತಿರುಳು ಇಂದು ಹಿಮಗಟ್ಟಿದ ಪೊಟ್ಟಣಗಳಲ್ಲಿ ದೇಶದೇಶಗಳ ಪಾನೀಯದಂಗಡಿಗಳನ್ನು ಸೇರುತ್ತಿದೆ. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಲಿಂಬೆಯೂ ‘ಬೆರಿ’ ವರ್ಗದ್ದೇ. ಅಮೆಜಾನಿನ ಹಣ್ಣಿಗೆ ಒದಗಿದ ಭಾಗ್ಯ ಇಂಡಿಯ ಹಣ್ಣಿಗೆ ಒದಗಬಾರದೆಂದೇನೂ ಇಲ್ಲ.

ಆದರೆ ಲಿಂಬೆಯ ರಸಕ್ಕೆ ಒಂದು ಹಟವುಂಟು. ಹಿಂಡಿದಾಗ ಸೊಗಸಾಗಿದ್ದ ರಸ ಕೆಲವು ಗಂಟೆಗಳಲ್ಲಿ ಕಹಿಯಾಗುವುದನ್ನು ಎಲ್ಲರೂ ಬಲ್ಲರು. ಬೀಜದಲ್ಲಿಯೂ ಬಿಳಿಯ ಪೊರೆಯಲ್ಲಿಯೂ ಕಹಿಯಿಲ್ಲದ ಒಂದು ವಸ್ತುವಿರುತ್ತದೆ. ಅದು ಹುಳಿಯ ಸಂಪರ್ಕಕ್ಕೆ ಬಂದೊಡನೆ ಮೆಲ್ಲಮೆಲ್ಲನೆ ಲಿಮೊನಿನ್ ಎಂಬ ಕಹಿಯಾಗಿ ಮಾರ್ಪಡುತ್ತದೆ. ಕಾಯಿಸಿದರೆ ಈ ಮಾರ್ಪಾಡು ಚುರುಕಾಗುತ್ತದೆ, ಹೆಪ್ಪುಗಟ್ಟಿಸಿದರೆ ಮಂದವಾಗುತ್ತದೆ. ಆದುದರಿಂದಲೇ ಲಿಂಬೆಗೆ ಬೆಂಕಿಗಿಂತ ಹಿಮವೇ ಹಿತ. ಇಡೀ ಹಣ್ಣನ್ನು ಹಿಮದಲ್ಲಿಟ್ಟರೆ ಒಳಗಿನ ನೀರು ಹರಳುಗಟ್ಟಿ ಕೋಶಗಳನ್ನು ಸೀಳುತ್ತದೆ. ಕರಗಿದಾಗ ಹಣ್ಣು ಮೆತ್ತಗಾಗುತ್ತದೆ. ಕಾದಿಡಬೇಕಾದುದು ರಸವನ್ನು.

ಮನೆಯಲ್ಲಿ ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಹಣ್ಣು ಅಗ್ಗವಾದ ದಿನ ಹೆಚ್ಚಾಗಿಯೇ ಕೊಂಡು, ತೊಳೆದು ಒರೆಸಿ, ಸಿಪ್ಪೆಯನ್ನು ಬಲವಾಗಿ ಅದುಮದೆ ಹಿಂಡಬೇಕು. ಬೀಜ, ನಾರುಗಳನ್ನು ತಡಮಾಡದೆ ಸೋಸಿ ತೆಗೆಯಬೇಕು. ತಾಮ್ರ, ಹಿತ್ತಾಳೆಗಳ ಪಾತ್ರೆ ಸಲ್ಲದು. ಗಾಜು, ಪಿಂಗಾಣಿಯಾದರೆ ಲೇಸು. ಕೂಡಲೆ ಮಂಜುಗಡ್ಡೆಯ ತಟ್ಟೆಯ ಕುಳಿಗಳಿಗೆ ಸುರಿದು ಫ್ರಿಜ್ಜಿನ ಹಿಮದ ಅರೆಯಲ್ಲಿಡಬೇಕು. ಗಟ್ಟಿಯಾದ ಬಿಲ್ಲೆಗಳನ್ನು ಗಾಳಿಯಾಡದ ಚೀಲದಲ್ಲಿ ತುಂಬಿ, ಮೇಲೆ ತಾರೀಖು ಬರೆದು, ಮೂರು ನಾಲ್ಕು ತಿಂಗಳೊಳಗೆ ಬಳಸುವುದು ಒಳ್ಳೆಯದು. ಪಾನಕಕ್ಕೆ ಬಿಲ್ಲೆಯನ್ನು ನೇರವಾಗಿ ಹಾಕಬಹುದು. ಸಾರು, ಚಿತ್ರಾನ್ನಗಳಿಗಾದರೆ ಒಲೆಯಿಂದ ಇಳಿಸಿದ ಬಳಿಕ. ಒಮ್ಮೆ ಕರಗಿದ ರಸವನ್ನು ಮತ್ತೆ ಹೆಪ್ಪುಗಟ್ಟಿಸಲಾಗದು. ಚಳಿಗಾಲದ ಕೊನೆಯ ಅಗ್ಗದ ಹಣ್ಣಿನಿಂದ ಹೀಗೆ ಮಾಡಿದ ಬಿಲ್ಲೆಗಳು ಬೇಸಗೆಯ ನೆಂಟರಿಗೆ ಸರಿಯಾಗಿ ಒದಗುತ್ತವೆ.

ಗೃಹಿಣಿಯ ಲೆಕ್ಕ ಇಲ್ಲಿಗೆ ಮುಗಿಯಿತು, ರೈತನದು ಮುಗಿಯಲಿಲ್ಲ. ಟನ್ನುಗಟ್ಟಲೆ ರಸವನ್ನು ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಕಾದಿಡಲು ಶೈತ್ಯಾಗಾರ ಬೇಕು, ಕಡಿಯದ ವಿದ್ಯುತ್ತು ಬೇಕು, ಹೋಟೆಲಿನ ಬಾಗಿಲವರೆಗೆ ತಂಪು ಕೆಡದೆ ಒಯ್ಯುವ ಲಾರಿಗಳು ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎಲ್ಲ ಶ್ರಮ ನೀರುಪಾಲು. ಹಣ್ಣುಹಂಪಲುಗಳ ಸಂಸ್ಕರಣೆಯ ವಿದ್ಯೆಗೆ ಕನ್ನಡ ನಾಡಿನಲ್ಲಿ ಕೊರತೆಯಿಲ್ಲ. ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯ 1950ರಿಂದಲೂ ಆಹಾರ ಸಂರಕ್ಷಣೆಯ ಕಾರ್ಯದಲ್ಲಿ ನಿರತವಾಗಿದೆ. ಆ ವಿದ್ಯೆ ಭೀಮೆಯ ದಡದ ತೋಟದವರೆಗೆ ಬಂದು ನಿಲ್ಲಬೇಕಾಗಿದೆ.

ಜೋಳದ ಬೆಲೆ ಬಿದ್ದರೆ ಮರುವರ್ಷ ಬೇರೊಂದನ್ನು ಬಿತ್ತಬಹುದು. ಲಿಂಬೆಗಿಡವಾದರೋ ನೆಟ್ಟು ಮೂರು ನಾಲ್ಕು ವರ್ಷ ಕಾಯಿಸಿ ಫಲ ಕೊಡುವಂಥದು. ಬರಗಾಲದಲ್ಲಿ ಟ್ಯಾಂಕರಿನ ನೀರನ್ನು ಕೊಂಡು, ಮನೆಯ ಖರ್ಚನ್ನು ಹಿಡಿತಮಾಡಿ, ಆ ಗಿಡಗಳನ್ನು ಬದುಕಿಸಿಕೊಂಡ ಕುಟುಂಬಗಳು ಇಂಡಿಯ ಸೀಮೆಯಲ್ಲಿವೆ. ಅಂಥ ಗಿಡದ ಹಣ್ಣು ಮಳೆಗಾಲದಲ್ಲಿ ಕೊಯ್ಲಿನ ಕೂಲಿಯನ್ನೂ ಹುಟ್ಟಿಸದೆ ಹೋದಾಗ, ಅದನ್ನು ಮರದಡಿಯಲ್ಲೇ ಬಿಡುವವನ ಸಂಕಟ ಪೇಟೆಯವರ ಕಣ್ಣಿಗೆ ಬೀಳುವುದಿಲ್ಲ.

ಬರುವ ಶ್ರಾವಣದಲ್ಲಿ ತರಕಾರಿಯವಳ ಬುಟ್ಟಿಯಲ್ಲಿ ಲಿಂಬೆ ಅಗ್ಗವಾಗಿ ಕಂಡರೆ, ಚೌಕಾಸಿಗೆ ನಿಲ್ಲದೆ ಎರಡು ಡಜನ್ ಹೆಚ್ಚಿಗೆ ಕೊಳ್ಳುವುದು ಮನೆಗೂ ಲಾಭ, ತೋಟಕ್ಕೂ ಆಸರೆ.