ಪಕ್ಕದ ಗೋಡೆಯ ಬೆಳಕು

ಮನೆಯಿಂದ ಕೆಲಸ ಮಾಡುವವರು ಹೆಚ್ಚಾದ ಮೇಲೆ ಬಣ್ಣದಂಗಡಿಗಳಲ್ಲಿ ಗಾಢ ಬಣ್ಣಗಳಿಗೆ ಬೇಡಿಕೆ ಬಂದಿದೆ. ಕುರ್ಚಿಯ ಹಿಂದಿನ ಗೋಡೆಗೆ ಕಡುನೀಲಿ ಇಲ್ಲವೇ ಬೂದು, ಮೇಲೆ ಫಾಲ್ಸ್ ಸೀಲಿಂಗು, ಅದರಲ್ಲಿ ಸಾಲಾಗಿ ಪುಟ್ಟ ದೀಪಗಳು. ವಿಡಿಯೋ ಕರೆಯಲ್ಲಿ ಇದೆಲ್ಲ ಅಂದವಾಗಿಯೇ ಕಾಣುತ್ತದೆ. ಆದರೆ ಅದೇ ಕೋಣೆಯಲ್ಲಿ ದಿನವಿಡೀ ಕೂತು ಕಣ್ಣಿನಿಂದ ದುಡಿಯುವವರಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕೆಲಸದ ಕೋಣೆಯಲ್ಲಿ ಮೊದಲು ವಿಚಾರಿಸಬೇಕಾದ್ದು ಬೆಳಕನ್ನು. ಬಣ್ಣ ಅದರ ಹಿಂದೆ ಬರಲಿ.

ನಾನು ಪುಸ್ತಕಗಳ ಕರಡು ತಿದ್ದುವವಳು. ‘ದನ’ಕ್ಕೂ ‘ಧನ’ಕ್ಕೂ ನಡುವೆ ಇರುವುದು ಅಕ್ಷರದ ಬುಡದ ಒಂದು ಸಣ್ಣ ಸೀಳು. ಹನ್ನೊಂದು ಪಾಯಿಂಟಿನ ಅಚ್ಚಿನಲ್ಲಿ ಒತ್ತಕ್ಷರಗಳು ಎಳ್ಳುಕಾಳಿನಷ್ಟಿರುತ್ತವೆ. ಬೆಳಕು ಮಂಕಾದರೆ ತಪ್ಪು ನುಸುಳುತ್ತದೆ, ಅಚ್ಚಾದ ಮೇಲೆ ಅದು ಅಲ್ಲೇ ಉಳಿಯುತ್ತದೆ. ವಯಸ್ಸು ಏರಿದಂತೆ ಕಣ್ಣಿಗೆ ಬೇಕಾದ ಬೆಳಕೂ ಏರುತ್ತದೆ. ಇಪ್ಪತ್ತರಲ್ಲಿ ಸಾಕಾಗುತ್ತಿದ್ದ ದೀಪ ಅರವತ್ತರಲ್ಲಿ ಸಾಲದು.

ನನ್ನ ಕೋಣೆ ಬೆಂಗಳೂರಿನ ಶ್ರೀನಗರದ ಹಳೆಯ ಮನೆಯೊಂದರಲ್ಲಿದೆ, ಹತ್ತಡಿಗೆ ಹತ್ತಡಿ. ಈ ವರ್ಷ ಅದಕ್ಕೆ ಬಣ್ಣ ಬಳಿಸಿ ದೀಪ ಬದಲಾಯಿಸಿದೆವು. ಪೇಂಟರ್ ಮೊದಲ ದಿನವೇ ಹೇಳಿದರು, “ಅಮ್ಮಾ, ಈ ಗೋಡೆ ಒಣಗ್ಲಿ. ಆಮೇಲೆ ಪಟ್ಟಿ ಹಾಕೋಣ.” ಗೋಡೆಯಾಚೆ ಬಚ್ಚಲುಮನೆ. ಅಲ್ಲಿನ ಟೈಲ್ಸಿನ ಸಂದು ಮುಚ್ಚಿಸಿ, ತೇವ ಆರಿದ ಮೇಲಷ್ಟೇ ಕೆಲಸ ಶುರುವಾಯಿತು. ಕಿಟಕಿ ಸರಳುಗಳ ಹಳೆಯ ಎನಾಮಲ್ ಬಣ್ಣವನ್ನು ಒಣಗಿದ್ದಾಗ ಉಜ್ಜಲು ನಾನು ಬಿಡಲಿಲ್ಲ, ನೀರು ಹಚ್ಚಿ ಉಜ್ಜಿಸಿದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿಯಲ್ಲಿ ಸೀಸವಿರಬಹುದು. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಸೀಲಿಂಗಿಗೆ ಅಚ್ಚ ಬಿಳಿ, ಗೋಡೆಗಳಿಗೆ ಹೊಳಪಿಲ್ಲದ ತಿಳಿಕೆನೆ ಬಣ್ಣ ಹಾಕಿಸಿದೆ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಕೋಣೆಗೆ ಮರಳಿಸುತ್ತದೆ. ಕಡುನೀಲಿ ಗೋಡೆ ಹತ್ತರಲ್ಲಿ ಒಂದು ಪಾಲನ್ನು ಮರಳಿಸಿದರೆ ಹೆಚ್ಚು. ಹೊಳಪಿನ ಬಣ್ಣವಾದರೆ ದೀಪದ ಬಿಂಬ ಗೋಡೆಯಲ್ಲೂ ಪರದೆಯಲ್ಲೂ ಮಿನುಗಿ ಕಣ್ಣು ಚುಚ್ಚುತ್ತದೆ.

ದೀಪದ ವಿಷಯದಲ್ಲಿ ನಮ್ಮ ಮನೆಗಳ ರೂಢಿಯೇ ಬದಲಾಗಬೇಕು. 2015ರ ಕೊನೆಗೆ ಶುರುವಾದ ‘ಹೊಸ ಬೆಳಕು’ ಯೋಜನೆ ರಾಜ್ಯದ ಮನೆಗಳಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬು ತಂದಿತು, ಕರೆಂಟ್ ಬಿಲ್ಲು ಇಳಿಯಿತು. ದೀಪ ಇರುವ ಜಾಗ ಮಾತ್ರ ಬದಲಾಗಲಿಲ್ಲ. ಕೋಣೆಯ ನಡುವೆಯೋ ಬೆನ್ನ ಹಿಂದಿನ ಗೋಡೆಯಲ್ಲೋ ಒಂದೇ ದೀಪ, ಕೂತವರ ತಲೆಯ ನೆರಳು ಕಾಗದದ ಮೇಲೆ. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆಯಿಂದ ಬೆಳಕು ಬರಬೇಕು. ನನ್ನ ಮೇಜಿನ ಎಡಕ್ಕೆ ಬಾಗಿಸಬಲ್ಲ ದೀಪವೊಂದನ್ನು ಕೂರಿಸಿದ್ದೇನೆ. ಓದುಬರಹದ ಮೇಜಿಗೆ ಸುಮಾರು 500 ಲಕ್ಸ್ ಬೆಳಕು ಬೇಕು. ಅಷ್ಟಿದೆಯೇ ಎಂದು ಅಂದಾಜಿಗೆ ಮೊಬೈಲಿನಲ್ಲೇ ನೋಡಬಹುದು. ಅಂಗಡಿಯಲ್ಲಿ ಏನೂ ಹೇಳದೆ ಬಲ್ಬು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು 6500 ಕೆಲ್ವಿನ್ನಿನ ನೀಲಿಬಿಳುಪು. 4000 ಕೆಲ್ವಿನ್ನಿನದು ಕೊಡಿ ಎಂದು ಕೇಳಿ ಪಡೆಯಿರಿ. ಕೆಂಪು ಶಾಯಿ, ದಾರ, ಬಟ್ಟೆಯ ಬಣ್ಣ ಸರಿಯಾಗಿ ಕಾಣಬೇಕಾದವರು ಡಬ್ಬಿಯ ಮೇಲೆ ಸಿಆರ್‌ಐ 90 ಇದೆಯೇ ನೋಡಲಿ. ಮನೆಯಲ್ಲೇ ರವಿಕೆ ಹೊಲಿಯುವ, ಸೀರೆಗೆ ಕುಚ್ಚು ಕಟ್ಟುವ ಹೆಣ್ಣುಮಕ್ಕಳ ಮೂಲೆಯೂ ಕಚೇರಿಯೇ. ಅವರಿಗೆ ಒಳ್ಳೆಯ ದೀಪ ತಂದುಕೊಡುವುದು ಮನೆಯವರ ಕರ್ತವ್ಯ.

ಇಷ್ಟೆಲ್ಲ ಮಾಡಿದರೂ ಹಗಲಿನ ಬೆಳಕಿಗೆ ಸಾಟಿಯಿಲ್ಲ. ಅದು ನಮ್ಮ ಕೈಯಲ್ಲಷ್ಟೇ ಇಲ್ಲ ಎಂಬುದೇ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಬೆಂಗಳೂರಿನ ಮೂವತ್ತು–ನಲವತ್ತರ ಸೈಟುಗಳಲ್ಲಿ ಮನೆಗೂ ಮನೆಗೂ ನಡುವೆ ಒಬ್ಬರು ನಡೆಯುವಷ್ಟು ಸಂದಿ. ನನ್ನ ಕಿಟಕಿಯಿಂದ ಆಕಾಶ ಕಾಣುವುದು ಒಂದು ಗೆರೆಯಷ್ಟು. ಒಳಗೆ ಬರುವ ಬೆಳಕೆಲ್ಲ ಪಕ್ಕದ ಮನೆಯ ಹೊರಗೋಡೆಗೆ ಬಿದ್ದು ಹಿಂದಿರುಗಿದ ಬೆಳಕು. ಆ ಗೋಡೆ ತಿಳಿಹಳದಿಯಾಗಿದ್ದಾಗ ಸಂಜೆ ನಾಲ್ಕರವರೆಗೂ ದೀಪ ಬೇಕಿರಲಿಲ್ಲ. ಅವರು ಇಟ್ಟಿಗೆಗೆಂಪು ಬಳಿಸಿದ ಮೇಲೆ ಮಧ್ಯಾಹ್ನವೇ ಮಬ್ಬು, ಬಿಳಿ ಕಾಗದಕ್ಕೂ ಕೆಂಪು ಛಾಯೆ.

ಹೋಗಿ ಕೇಳಿದೆ. ಆ ಮನೆಯ ಹಿರಿಯರು ಬಂದು ನನ್ನ ಕೋಣೆಯಲ್ಲಿ ನಿಂತು ನೋಡಿ, “ಮೊದಲೇ ಹೇಳಿದ್ರೆ ಬಿಳೀನೇ ಹೊಡೆಸ್ತಿದ್ವಲ್ಲಮ್ಮ” ಅಂದರು. ನಮ್ಮ ಪೇಂಟರೇ ಸಂದಿಯಲ್ಲಿ ಏಣಿ ನಿಲ್ಲಿಸಿ ಆ ಗೋಡೆಗೆ ಹೊರಾಂಗಣದ ಬಿಳಿ ಎಮಲ್ಷನ್ ಬಳಿದರು, ಖರ್ಚು ನಮ್ಮದು. ಅವರ ಅಡುಗೆಮನೆಯ ಕಿಟಕಿ ನಮ್ಮ ಗೋಡೆಯನ್ನೇ ನೋಡುತ್ತದಾದ್ದರಿಂದ ಇತ್ತ ಕಡೆಗೂ ಬಿಳಿಯನ್ನೇ ಹೊಡೆಸಿದೆವು. ಒಳಗೆ ಹಾಕಿಸಿದ ಯಾವ ದೀಪಕ್ಕಿಂತಲೂ ಈ ಬಿಳಿಯಿಂದ ನನಗೆ ಸಿಕ್ಕ ಬೆಳಕು ಹೆಚ್ಚು.

ಕಿಟಕಿ ಎಷ್ಟು ದೊಡ್ಡದಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ: ಒಣ ಬಿಸಿ ಹವೆಯ ಊರುಗಳಲ್ಲಿ ನೆಲದ ಹತ್ತರಲ್ಲೊಂದು ಪಾಲು, ಬಿಸಿಯೂ ತೇವವೂ ಇರುವಲ್ಲಿ ಆರರಲ್ಲೊಂದು. ಆದರೆ ಎದುರಿಗಿನ ಗೋಡೆ ಬೆಳಕನ್ನು ನುಂಗುತ್ತಿದ್ದರೆ ಕಿಟಕಿ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ? ಇದಕ್ಕೆ ಹೊಸ ಕಾನೂನು ಬೇಕಿಲ್ಲ, ನೆರೆಹೊರೆಯ ಮಾತುಕತೆ ಸಾಕು. ಅಪಾರ್ಟ್‌ಮೆಂಟುಗಳ ಸಂಘದವರು ಗಾಳಿಬೆಳಕಿನ ಡಕ್ಟುಗಳ ಒಳಗೋಡೆಯನ್ನು ಬಿಳಿಯಾಗಿಡುವ ತೀರ್ಮಾನವನ್ನು ಒಂದೇ ಸಭೆಯಲ್ಲಿ ಮಾಡಬಹುದು. ಬಿಳಿ ಗೋಡೆ ಬೇಸಿಗೆಯಲ್ಲಿ ಕಾಯುವುದೂ ಕಡಿಮೆ.

ದೀಪಾವಳಿಗೋ ಮದುವೆಗೋ ಮನೆಗೆ ಬಣ್ಣ ಬಳಿಸಲಿರುವವರಲ್ಲಿ ನನ್ನ ವಿನಂತಿ ಇಷ್ಟೇ: ರಸ್ತೆಗೆ ಕಾಣುವ ಗೋಡೆಗೆ ನಿಮ್ಮಿಷ್ಟದ ಬಣ್ಣ ಹಾಕಿಸಿ, ಸಂದಿಯ ಕಡೆಯ ಗೋಡೆಗೆ ಬಿಳಿಯನ್ನೇ ಹೊಡೆಸಿ. ಹೊಡೆಸುವ ಮೊದಲು ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ.